ಸೋಂಕಿಗೂ ಕಾಯಿಲೆಗೂ ನಡುವಣ ದಿನಗಳು

ಕನ್ನಡದಲ್ಲಿ ‘ಸೋಂಕು’ ಎಂಬ ಮಾತಿಗೆ ಮೂಲದಲ್ಲಿದ್ದ ಅರ್ಥ ತಾಗುವುದು, ಮುಟ್ಟುವುದು ಎಂದಷ್ಟೇ. ಆದಿಕವಿ ಪಂಪನು ಬನವಾಸಿಯನ್ನು ನೆನೆಯುವಲ್ಲಿ ದಕ್ಷಿಣದ ಮಂದಮಾರುತವು ಮೈಗೆ ತಾಗುವುದನ್ನು ಹೇಳಲು ಇದೇ ಧಾತುವನ್ನು ಬಳಸಿದ್ದಾನೆ. ಅಲ್ಲಿ ಅದು ಸುಖದ ಮಾತು. ಕಾಲಾಂತರದಲ್ಲಿ ಆ ಶಬ್ದವು ಸುಖವನ್ನು ಕಳೆದುಕೊಂಡು ಭಯವನ್ನು ತುಂಬಿಕೊಂಡಿತು. 2020ರ ಮಹಾಮಾರಿ ಬಂದುಹೋದ ಮೇಲಂತೂ ‘ಸೋಂಕಿತರು’ ಎಂಬ ಪದವನ್ನು ಅರಿಯದ ಮಗುವೂ ನಮ್ಮ ನಾಡಿನಲ್ಲಿ ಇಲ್ಲ.

ಶಬ್ದವು ಎಲ್ಲರ ಬಾಯಿಗೆ ಬಂದರೂ ಅದರ ಅರ್ಥವು ಎಲ್ಲರ ಮನಸ್ಸಿಗೆ ಬಂದಿದೆಯೆಂದು ಹೇಳಲಾಗದು. ಸೋಂಕು ಎಂದರೆ ಕಾಯಿಲೆ, ಕಾಯಿಲೆ ಎಂದರೆ ಸೋಂಕು ಎಂದು ನಾವು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತೇವೆ. ವೈದ್ಯಶಾಸ್ತ್ರವು ಅವನ್ನು ಬಿಡಿಸಿ ಹೇಳುತ್ತದೆ. ಹೊರಗಿನ ಸೂಕ್ಷ್ಮಜೀವಿಯೊಂದು ಶರೀರದೊಳಗೆ ಪ್ರವೇಶಿಸಿ, ಅಲ್ಲಿ ನೆಲೆಯೂರಿ, ತನ್ನ ಸಂತತಿಯನ್ನು ಬೆಳೆಸತೊಡಗಿದರೆ ಅದು ಸೋಂಕು. ಆ ಬೆಳವಣಿಗೆಯಿಂದ ಶರೀರದ ಕಾರ್ಯ ಕೆಟ್ಟು ಜ್ವರ, ನೋವು, ವಾಂತಿ, ನಿಶ್ಶಕ್ತಿ ಮೊದಲಾದ ಲಕ್ಷಣಗಳು ತೋರಿಬಂದರೆ ಅದು ಕಾಯಿಲೆ. ಮೊದಲನೆಯದು ನಡೆದ ಗಳಿಗೆಗೂ ಎರಡನೆಯದು ಕಾಣಿಸಿಕೊಂಡ ದಿನಕ್ಕೂ ನಡುವೆ ಒಂದು ಅವಧಿ ಇರುತ್ತದೆ. ಅದು ಕೆಲವು ತಾಸುಗಳಾಗಿರಬಹುದು, ಹಲವು ವರ್ಷಗಳೂ ಆಗಿರಬಹುದು. ಈ ಲೇಖನ ಆ ನಡುವಣ ದಿನಗಳ ಕುರಿತಾದುದು. ನಾವು ವೈದ್ಯರಲ್ಲ, ಮಠದಲ್ಲಿ ವ್ಯಾಕರಣ, ಶಾಸ್ತ್ರಗಳನ್ನು ಓದಿ ಅದನ್ನೇ ಪಾಠ ಹೇಳಿ ವಯಸ್ಸು ಕಳೆದವರು. ಆದರೂ ಈ ವಿಷಯವನ್ನು ವೈದ್ಯರಿಂದ ಕೇಳಿ, ಓದಿ ತಿಳಿದುಕೊಳ್ಳಬೇಕಾದ ಕಾರಣವೊಂದು ನಮ್ಮ ಬಾಲ್ಯದಲ್ಲೇ ಒದಗಿತು. ಅದನ್ನು ಮುಂದೆ ಹೇಳುತ್ತೇವೆ.

ಎಲ್ಲ ಸೂಕ್ಷ್ಮಜೀವಿಗಳೂ ಶತ್ರುಗಳಲ್ಲ

ಕಣ್ಣಿಗೆ ಕಾಣದ ಜೀವಿಗಳೆಲ್ಲ ರೋಗ ತರುವಂಥವು ಎಂಬ ಭಾವನೆಯನ್ನು ಮೊದಲು ಬಿಡಬೇಕು. ನಮ್ಮ ಚರ್ಮದ ಮೇಲೆ, ಬಾಯಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ದೊಡ್ಡ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳ ಸಂಖ್ಯೆ ನಮ್ಮ ಶರೀರದ ಜೀವಕೋಶಗಳ ಸಂಖ್ಯೆಗೆ ಹೆಚ್ಚುಕಡಿಮೆ ಸಮನಾಗಿದೆ ಎಂದು ಇಂದಿನ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಕೆಲವು ಉಪಕಾರಿಗಳೂ ಹೌದು. ಆದರೆ ಒಂದೆಡೆ ಒಕ್ಕಲಾಗಿ ಬಾಳುವ ಜೀವಿಯು ಇನ್ನೊಂದೆಡೆಗೆ ಹೋದರೆ ಕಳ್ಳನಾಗುವುದುಂಟು. ಕರುಳಿನಲ್ಲಿ ಸುಮ್ಮನಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಮೂತ್ರನಾಳವನ್ನು ಹೊಕ್ಕರೆ ಉರಿಮೂತ್ರ, ಚಳಿಜ್ವರಗಳಿಗೆ ಕಾರಣವಾಗುತ್ತದೆ. ನಮ್ಮ ಹೆಣ್ಣುಮಕ್ಕಳು ಸಂಕೋಚದಿಂದ ಬಾಯಿಬಿಡದೆ ಸಹಿಸಿಕೊಳ್ಳುವ ಕಾಯಿಲೆಗಳಲ್ಲಿ ಇದೊಂದು.

ರೋಗ ತರುವ ಜೀವಿಗಳಲ್ಲಿ ಮುಖ್ಯವಾದವು ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ ಮತ್ತು ಪರೋಪಜೀವಿಗಳು. ಕ್ಷಯ, ವಿಷಮಶೀತಜ್ವರ, ಕಾಲರಾ, ಧನುರ್ವಾಯುಗಳು ಬ್ಯಾಕ್ಟೀರಿಯಾದಿಂದ ಬರುತ್ತವೆ. ದಡಾರ, ಡೆಂಗ್ಯೂ, ಹುಚ್ಚುನಾಯಿ ರೋಗ, ನೆಗಡಿಗಳು ವೈರಸ್ಸಿನಿಂದ. ಗಜಕರ್ಣವು ಶಿಲೀಂಧ್ರದ ಕೆಲಸ, ಮಲೇರಿಯಾ ಪರೋಪಜೀವಿಯದು. ಬ್ಯಾಕ್ಟೀರಿಯಾ ತನ್ನಷ್ಟಕ್ಕೆ ತಾನೇ ಬದುಕಿ ಬೆಳೆಯಬಲ್ಲದು. ವೈರಸ್ಸಿಗೆ ಆ ಶಕ್ತಿಯಿಲ್ಲ. ಅದು ಇನ್ನೊಂದು ಜೀವಕೋಶವನ್ನು ಹೊಕ್ಕು, ಆ ಕೋಶದ ಸಾಧನಗಳಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳಬೇಕು. ಬ್ಯಾಕ್ಟೀರಿಯಾವನ್ನು ಕೊಲ್ಲುವ ಆ್ಯಂಟಿಬಯೋಟಿಕ್ ಮಾತ್ರೆ ವೈರಸ್ಸಿನ ಮೇಲೆ ನಡೆಯದಿರುವುದು ಇದೇ ಕಾರಣದಿಂದ. ನೆಗಡಿ ಬಂದೊಡನೆ ಔಷಧಿ ಅಂಗಡಿಗೆ ಹೋಗಿ ತಾವೇ ಹೆಸರು ಹೇಳಿ ಆ ಮಾತ್ರೆಯನ್ನು ಕೊಳ್ಳುವವರು, ವೈದ್ಯರು ಐದು ದಿನಕ್ಕೆ ಬರೆದುಕೊಟ್ಟದ್ದನ್ನು ಎರಡೇ ದಿನಕ್ಕೆ ನಿಲ್ಲಿಸಿ ಉಳಿದುದನ್ನು ಮುಂದಿನ ಸಲಕ್ಕೆಂದು ಡಬ್ಬಿಯಲ್ಲಿ ಎತ್ತಿಡುವವರು ನಮ್ಮ ಪರಿಚಿತರಲ್ಲೇ ಹಲವರಿದ್ದಾರೆ. ಅವರೊಡನೆ ವಾದಿಸಿ ನಮಗೆ ಸಾಕಾಗಿದೆ.

ಬಾಗಿಲುಗಳು, ಕಾವಲುಗಾರರು

ಚರ್ಮವು ಗಾಯವಿಲ್ಲದೆ ಇರುವವರೆಗೆ ಬಲವಾದ ಕೋಟೆ. ಮೂಗು, ಶ್ವಾಸನಾಳಗಳ ಒಳಗೋಡೆಯ ಲೋಳೆಯು ಧೂಳನ್ನೂ ರೋಗಾಣುಗಳನ್ನೂ ಹಿಡಿದಿಡುತ್ತದೆ. ಅಲ್ಲಿರುವ ಅತಿಸೂಕ್ಷ್ಮ ರೋಮಗಳು ಬಿಡುವಿಲ್ಲದೆ ಅಲುಗಾಡುತ್ತ ಆ ಲೋಳೆಯನ್ನು ಗಂಟಲ ಕಡೆಗೆ ತಳ್ಳುತ್ತವೆ. ಬೀಡಿ, ಸಿಗರೇಟಿನ ಹೊಗೆ ಕೆಡಿಸುವುದು ಮೊದಲು ಈ ರೋಮಗಳನ್ನೇ. ಹೊಟ್ಟೆಯೊಳಗಿನ ಆಮ್ಲವು ನುಂಗಿದ ರೋಗಾಣುಗಳಲ್ಲಿ ಬಹಳಷ್ಟನ್ನು ಸುಟ್ಟುಹಾಕುತ್ತದೆ. ಕಣ್ಣೀರು, ಜೊಲ್ಲುಗಳಲ್ಲಿಯೂ ಬ್ಯಾಕ್ಟೀರಿಯಾವನ್ನು ಒಡೆಯುವ ದ್ರವ್ಯವಿದೆ.

ಆದಕಾರಣ ರೋಗಾಣು ಒಳಹೊಕ್ಕಿತು ಎಂದಮಾತ್ರಕ್ಕೆ ಗೆದ್ದಿತು ಎಂದಲ್ಲ. ಯಾವ ಬಾಗಿಲಿನಿಂದ ಹೊಕ್ಕಿತು, ಎಷ್ಟು ಸಂಖ್ಯೆಯಲ್ಲಿ ಹೊಕ್ಕಿತು, ಹೊಕ್ಕ ಶರೀರದ ಸ್ಥಿತಿ ಹೇಗಿತ್ತು ಎಂಬ ಮೂರೂ ಸೇರಿ ಮುಂದಿನದನ್ನು ನಿರ್ಣಯಿಸುತ್ತವೆ. ಬಾಗಿಲಿನ ಮಹತ್ವಕ್ಕೆ ಧನುರ್ವಾಯುವೇ ಸಾಕ್ಷಿ. ಅದರ ಬೀಜಕಣಗಳು ಮಣ್ಣಿನಲ್ಲಿ, ದನಕುದುರೆಗಳ ಸಗಣಿ ಲದ್ದಿಗಳಲ್ಲಿ ವರ್ಷಗಟ್ಟಲೆ ಇರುತ್ತವೆ. ಬರಿಗಾಲಿನಲ್ಲಿ ಹೊಲದಲ್ಲಿ ನಡೆದರೂ ಗಾಯವಿಲ್ಲದ ಕಾಲಿಗೆ ಅವು ಏನನ್ನೂ ಮಾಡಲಾರವು. ಆದರೆ ಗಾಳಿಯಾಡದ ಸ್ಥಳ ಅವಕ್ಕೆ ಬಲು ಪ್ರಿಯ. ಮೊಳೆ, ಮುಳ್ಳು ಆಳಕ್ಕೆ ಚುಚ್ಚಿ ಮೇಲೆ ಮುಚ್ಚಿಕೊಂಡ ಸಣ್ಣ ತೂತಿನಲ್ಲಿ ಅವು ಮೊಳೆತು ವಿಷವನ್ನು ಸುರಿಸುತ್ತವೆ. ಸಾಮಾನ್ಯವಾಗಿ ಮೂರರಿಂದ ಇಪ್ಪತ್ತೊಂದು ದಿನಗಳೊಳಗೆ ದವಡೆ ಬಿಗಿದುಕೊಳ್ಳುತ್ತದೆ. ರಕ್ತ ಧಾರಾಕಾರವಾಗಿ ಹರಿದ ದೊಡ್ಡ ಗಾಯಕ್ಕೆ ಹೆದರುವ ನಾವು ಹನಿ ರಕ್ತವೂ ಬಾರದ ಚುಚ್ಚುಗಾಯವನ್ನು ಮರೆತುಬಿಡುತ್ತೇವೆ. ಹಿಂದೆ ಹಸುಗೂಸಿನ ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು ಸಗಣಿಯನ್ನೋ ಬೂದಿಯನ್ನೋ ಹಚ್ಚುತ್ತಿದ್ದ ಮನೆಗಳಲ್ಲಿ ಎಷ್ಟು ಕೂಸುಗಳು ಸೆಟೆದು ತೀರಿಕೊಂಡವೋ ಲೆಕ್ಕ ಇಟ್ಟವರಿಲ್ಲ. ಅದನ್ನು ಗ್ರಹಚಾರವೆಂದು ಕರೆದರು. ಗರ್ಭಿಣಿಯರಿಗೆ ಲಸಿಕೆ, ಶುಚಿಯಾದ ಹೆರಿಗೆ ಎಂಬ ಎರಡೇ ಸಂಗತಿಗಳಿಂದ ಆ ಗ್ರಹಚಾರ ಕಳೆಯಿತು. ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತವು ಹತೋಟಿಯ ಮಟ್ಟಕ್ಕಿಳಿಸಿ ನಿವಾರಿಸಿತೆಂದು 2015ರಲ್ಲಿ ಘೋಷಿಸಲಾಯಿತು. ಆದರೆ ಮಣ್ಣಿನಲ್ಲಿರುವ ಬೀಜಕಣ ಎಲ್ಲಿಯೂ ಹೋಗಿಲ್ಲ. ಧನುರ್ವಾಯು ಬಂದು ಬದುಕಿ ಉಳಿದವನಿಗೂ ಅದು ಮತ್ತೊಮ್ಮೆ ಬರಬಲ್ಲದು. ಆ ಕಾಯಿಲೆ ರಕ್ಷಣೆಯನ್ನು ಬಿಟ್ಟುಹೋಗುವುದಿಲ್ಲ, ಲಸಿಕೆಯೊಂದೇ ರಕ್ಷಣೆ.

ಬಾಗಿಲನ್ನು ದಾಟಿ ರೋಗಾಣು ಒಳಗೆ ಬಂದಾಗ ಶರೀರ ಸುಮ್ಮನಿರುವುದಿಲ್ಲ. ಆ ಸ್ಥಳಕ್ಕೆ ರಕ್ತದ ಹರಿವು ಹೆಚ್ಚುತ್ತದೆ, ಬಿಳಿಯ ರಕ್ತಕಣಗಳು ರಕ್ತನಾಳದ ಗೋಡೆಯನ್ನು ತೂರಿ ಹೊರಬಂದು ರೋಗಾಣುಗಳನ್ನು ನುಂಗತೊಡಗುತ್ತವೆ. ಕೆಂಪಾಗುವುದು, ಬಾವು, ಬಿಸಿ, ನೋವು ಎಂಬ ನಾಲ್ಕು ಚಿಹ್ನೆಗಳನ್ನು ರೋಮಿನ ಸೆಲ್ಸಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಕೀವು ಎಂಬುದು ಆ ಕಾಳಗದಲ್ಲಿ ಮಡಿದ ಬಿಳಿಯ ಕಣಗಳ, ಸತ್ತ ರೋಗಾಣುಗಳ ರಾಶಿ. ಕಾಲಿಗೆ ಗಾಯವಾದರೆ ತೊಡೆಸಂದಿನಲ್ಲಿ ನೋಯುವ ಗಂಟು ಏಳುವುದನ್ನು ಎಲ್ಲರೂ ಕಂಡಿದ್ದಾರೆ; ಅದು ರೋಗಾಣು ಮುಂದಕ್ಕೆ ಹೋಗದಂತೆ ತಡೆಯುವ ಕಟ್ಟೆ. ಜ್ವರವನ್ನು ಕೂಡ ರೋಗಾಣು ತರುವುದೆಂಬುದಕ್ಕಿಂತ ನಮ್ಮ ಶರೀರವೇ ಏರಿಸಿಕೊಳ್ಳುವುದೆಂದರೆ ಸರಿ. ಬಿಳಿಯ ಕಣಗಳು ಸ್ರವಿಸುವ ದ್ರವ್ಯಗಳು ಮಿದುಳಿಗೆ ತಲುಪಿ, ಮೈಯ ಶಾಖವನ್ನು ಹೆಚ್ಚಿಸುವಂತೆ ಮಾಡುತ್ತವೆ. ಶಾಖ ಏರುವ ಹೊತ್ತಿನಲ್ಲಿ ನಮಗೆ ಚಳಿಯೆನ್ನಿಸುವುದೂ ಅದರಿಂದಲೇ. ಒಳಗೆ ಇಷ್ಟೆಲ್ಲ ನಡೆಯುತ್ತಿರುವಾಗ, ಆಯಾ ರೋಗಾಣುವಿಗೇ ತಕ್ಕ ಪ್ರತಿಕಾಯಗಳನ್ನು ತಯಾರಿಸುವ ಇನ್ನೊಂದು ಪಡೆ ನಿಧಾನವಾಗಿ ಸಿದ್ಧವಾಗುತ್ತದೆ. ಮೊದಲ ಸಲ ಅದಕ್ಕೆ ಒಂದೆರಡು ವಾರ ಬೇಕು. ಎರಡನೆಯ ಸಲ ಅದೇ ರೋಗಾಣು ಬಂದರೆ ನೆನಪಿನ ಕೋಶಗಳು ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತವೆ. ಲಸಿಕೆಯು ಕಾಯಿಲೆಯ ಕಷ್ಟವಿಲ್ಲದೆ ಈ ನೆನಪನ್ನು ಮಾತ್ರ ಕೊಡುತ್ತದೆ.

ನಡುವಣ ದಿನಗಳು

ರೋಗಾಣು ಹೊಕ್ಕಂದಿನಿಂದ ಲಕ್ಷಣ ತೋರುವವರೆಗಿನ ಕಾಲವನ್ನು ವೈದ್ಯರು ಸುಪ್ತಾವಧಿ ಎನ್ನುತ್ತಾರೆ. ಕಾಲರಾಕ್ಕೆ ಕೆಲವು ತಾಸುಗಳಿಂದ ಐದು ದಿನ. ವಿಷಮಶೀತಜ್ವರಕ್ಕೆ ಸಾಮಾನ್ಯವಾಗಿ ಒಂದೆರಡು ವಾರ. ದಡಾರದ ಗುಳ್ಳೆ ಏಳಲು ಸುಮಾರು ಎರಡು ವಾರ. ಕಲುಷಿತ ನೀರು, ಆಹಾರಗಳಿಂದ ಬರುವ ಕಾಮಾಲೆಗೆ ಸರಾಸರಿ ನಾಲ್ಕು ವಾರ. ಒಂದು ಮದುವೆಯಲ್ಲಿ ಕುಡಿದ ನೀರಿನಿಂದ ಬಂದ ಕಾಮಾಲೆ ತಿಂಗಳಾದ ಮೇಲೆ ಕಾಣಿಸಿಕೊಂಡಾಗ ಆ ಮದುವೆ ಯಾರ ನೆನಪಿಗೂ ಬರುವುದಿಲ್ಲ. ನಿನ್ನೆ ತಿಂದ ಬದನೆಕಾಯಿಯ ಮೇಲೆ ದೂರು ಹೊರಿಸುತ್ತೇವೆ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಮತ್ತೊಂದಿದೆ. ಲಕ್ಷಣ ಕಾಣುವ ಮೊದಲೇ ಎಷ್ಟೋ ಸೋಂಕುಗಳು ಇನ್ನೊಬ್ಬರಿಗೆ ದಾಟುತ್ತವೆ. ದಡಾರದ ಮಗು ಗುಳ್ಳೆ ಏಳುವುದಕ್ಕೆ ನಾಲ್ಕು ದಿನ ಮೊದಲಿನಿಂದಲೇ ಅದನ್ನು ಹರಡುತ್ತಿರುತ್ತದೆ. ಕೆಲವರಲ್ಲಿ ಲಕ್ಷಣವೇ ಕಾಣದೆ ಸೋಂಕು ಉಳಿದುಬಿಡುವುದೂ ಉಂಟು. ಅಂಥವರಲ್ಲಿ ಜಗತ್ತು ಬಹುವಾಗಿ ಬಲ್ಲ ಹೆಸರು ಮೇರಿ ಮ್ಯಾಲನ್ ಎಂಬಾಕೆಯದು.

ಆಕೆ ಐರ್ಲೆಂಡಿನಲ್ಲಿ 1869ರಲ್ಲಿ ಹುಟ್ಟಿ, ಹರೆಯದಲ್ಲಿ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕಿನ ಸಿರಿವಂತರ ಮನೆಗಳಲ್ಲಿ ಅಡುಗೆ ಮಾಡಿ ಬದುಕಿದವಳು. ಗಟ್ಟಿಮುಟ್ಟಾದ ಮೈಕಟ್ಟು, ಕೈಯಡುಗೆಗೆ ಒಳ್ಳೆಯ ಹೆಸರು. 1906ರ ಬೇಸಗೆಯಲ್ಲಿ ಆಯ್ಸ್ಟರ್ ಬೇ ಎಂಬಲ್ಲಿ ಬ್ಯಾಂಕಿನ ಧನಿಕರೊಬ್ಬರ ಬಿಡಾರದಲ್ಲಿದ್ದ ಹನ್ನೊಂದು ಜನರಲ್ಲಿ ಆರು ಮಂದಿಗೆ ವಿಷಮಶೀತಜ್ವರ ಬಂತು. ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ಇಂಜಿನಿಯರ್ ನೀರು, ಹಾಲು, ಚರಂಡಿಗಳನ್ನೆಲ್ಲ ಪರೀಕ್ಷಿಸಿದ. ಎಲ್ಲಿಯೂ ದೋಷ ಸಿಗಲಿಲ್ಲ. ಕೊನೆಗೆ ಅಡುಗೆಯವಳ ಹಿಂದಿನ ಚಾಕರಿಗಳನ್ನು ವಿಚಾರಿಸಿದಾಗ, ಆಕೆ ದುಡಿದ ಎಂಟು ಮನೆಗಳಲ್ಲಿ ಏಳರಲ್ಲಿ ಇದೇ ಜ್ವರ ಕಾಣಿಸಿಕೊಂಡುದು ತಿಳಿಯಿತು. ಆಕೆಗೆ ಮಾತ್ರ ಜ್ವರ ಬಂದ ನೆನಪಿಲ್ಲ. ಮಲಪರೀಕ್ಷೆಗೆ ಕೇಳಲು ಹೋದ ಸೋಪರನನ್ನು ಆಕೆ ಅಡುಗೆಮನೆಯ ಫೋರ್ಕು ಹಿಡಿದು ಅಟ್ಟಿಸಿದಳು. ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಒಂದು ದಿನವೂ ಹಾಸಿಗೆ ಹಿಡಿಯದ ಹೆಂಗಸಿಗೆ ಅಪರಿಚಿತನೊಬ್ಬ ಬಂದು ನಿನ್ನ ಕೈಯಿಂದ ಜನ ಸಾಯುತ್ತಿದ್ದಾರೆ ಎಂದರೆ ಆಕೆ ಮತ್ತೇನು ಮಾಡಿಯಾಳು?

ಪೊಲೀಸರ ಬಲದಿಂದ ಆಕೆಯನ್ನು ಒಯ್ದು ಪರೀಕ್ಷಿಸಿದಾಗ ಮಲದಲ್ಲಿ ಆ ರೋಗಾಣುಗಳು ಹೇರಳವಾಗಿ ಸಿಕ್ಕವು. ಈ ಬ್ಯಾಕ್ಟೀರಿಯಾ ಕೆಲವರ ಪಿತ್ತಕೋಶದಲ್ಲಿ ಮನೆ ಮಾಡಿಕೊಂಡು, ಅವರಿಗೆ ಏನೂ ಮಾಡದೆ, ಮಲದ ಮೂಲಕ ಹೊರಬರುತ್ತಲೇ ಇರುತ್ತದೆ. ಕೈ ಸರಿಯಾಗಿ ತೊಳೆಯದಿದ್ದರೆ ಉಗುರಿನ ಸಂದಿಯಿಂದ ಆಹಾರಕ್ಕೆ ಇಳಿಯುತ್ತದೆ. ಆದರೆ ಬೇಯಿಸಿದ ಪದಾರ್ಥದಲ್ಲಿ ಅದು ಉಳಿಯದಲ್ಲ? ಸೋಪರನೂ ಇದನ್ನು ಯೋಚಿಸಿದ. ಮೇರಿಯ ಕೈಯಿಂದ ಆ ಮನೆಯವರು ಮೆಚ್ಚಿ ತಿನ್ನುತ್ತಿದ್ದ ಒಂದು ತಿನಿಸು ಹಸಿಯ ಪೀಚ್ ಹಣ್ಣು ಹೆಚ್ಚಿಹಾಕಿದ ಐಸ್‌ಕ್ರೀಮು. ಅದು ಬೆಂಕಿಯನ್ನು ಕಾಣದ ತಿನಿಸು. ನಮ್ಮ ಜಾತ್ರೆ, ಲಗ್ನ, ದಾಸೋಹಗಳ ಪಂಕ್ತಿಯನ್ನು ವಾಚಕರು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಲಿ. ಕುದಿಯುವ ಸಾರು, ಹಬೆಯಾಡುವ ಅನ್ನ, ಬಿಸಿ ಹುಗ್ಗಿಗಳ ವಿಷಯದಲ್ಲಿ ಹೆಚ್ಚಿನ ಚಿಂತೆಯಿಲ್ಲ. ಕೋಸಂಬರಿ, ಹೆಚ್ಚಿದ ಸವತೆಕಾಯಿ, ಮಜ್ಜಿಗೆ, ಬಾಳೆಹಣ್ಣಿನ ರಸಾಯನ, ಕೊಡದಿಂದ ಮೊಗೆದು ಹಾಕುವ ನೀರು, ಇವು ಬೆಂಕಿಯಿಂದ ದೂರವಾಗಿ ಕೈಗೆ ಹತ್ತಿರವಾದವು. ಅಡುಗೆ ಭಟ್ಟಿಯ ಹತ್ತಿರ ಕಟ್ಟಿಗೆಯ ರಾಶಿಯನ್ನು ಒಟ್ಟುವ ವ್ಯವಸ್ಥಾಪಕರು ಶೌಚಾಲಯದ ಬಾಗಿಲಲ್ಲಿ ಒಂದು ಸಾಬೂನನ್ನು ಇಡಲು ಮರೆಯುವುದನ್ನು ನಾವು ಅನೇಕ ಕಡೆ ಕಂಡಿದ್ದೇವೆ.

ಮೇರಿಯನ್ನು 1907ರಲ್ಲಿ ನದಿಯ ನಡುವಣ ಒಂದು ದ್ವೀಪದಲ್ಲಿ ಇರಿಸಿದರು. ಇನ್ನು ಅಡುಗೆ ಕೆಲಸ ಮಾಡುವುದಿಲ್ಲವೆಂಬ ಮಾತು ಪಡೆದು 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸದಲ್ಲಿ ಹೊಟ್ಟೆ ತುಂಬದೆ ಆಕೆ ಹೆಸರು ಬದಲಿಸಿಕೊಂಡು ಮತ್ತೆ ಒಲೆಯ ಮುಂದೆ ನಿಂತಳು; 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೈದು ಜನರಿಗೆ ಜ್ವರ ತಗಲಿ ಇಬ್ಬರು ತೀರಿಕೊಂಡಾಗ ಅಲ್ಲಿಯ ಅಡುಗೆಯವಳು ಆಕೆಯೇ. ಮತ್ತೆ ಅದೇ ದ್ವೀಪ. 1938ರಲ್ಲಿ ಅಲ್ಲಿಯೇ ಸತ್ತಳು. ತನ್ನಲ್ಲಿ ರೋಗಾಣು ಇದೆಯೆಂಬುದನ್ನು ಆಕೆ ಕೊನೆಯವರೆಗೂ ಒಪ್ಪಲಿಲ್ಲವೆನ್ನುತ್ತಾರೆ. ಆಕೆಯನ್ನು ದೂಷಿಸುವುದು ಸುಲಭ. ಆಕೆಗೆ ಅಡುಗೆಯಷ್ಟೇ ಸಂಬಳ ಬರುವ ಬೇರೆ ಕೆಲಸವನ್ನು ಕಲಿಸಿಕೊಟ್ಟಿದ್ದರೆ ಏನಾಗುತ್ತಿತ್ತೋ.

ಕ್ಷಯದ ಸುಪ್ತಾವಸ್ಥೆ ಬೇರೆ ತೆರನಾದುದು. 1882ರಲ್ಲಿ ರಾಬರ್ಟ್ ಕಾಕ್ ಕಂಡುಹಿಡಿದ ಆ ರೋಗಾಣು ಉಸಿರಿನ ಮೂಲಕ ಪುಪ್ಪುಸವನ್ನು ಸೇರಿದಾಗ ಶರೀರದ ಕಣಗಳು ಅದರ ಸುತ್ತ ಗೋಡೆ ಕಟ್ಟಿ ಬಂಧಿಸಿಡುತ್ತವೆ. ಬಂಧಿತ ರೋಗಾಣು ಸಾಯದೆ ಕಾದಿರುತ್ತದೆ. ಅದು ಯಾರಿಗೂ ಅಂಟುವುದಿಲ್ಲ. ಹೀಗೆ ಸೋಂಕು ತಗಲಿದ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೊಮ್ಮೆ ಕಾಯಿಲೆಯಾಗುತ್ತದೆ. ಅರೆಹೊಟ್ಟೆ, ಸಕ್ಕರೆ ಕಾಯಿಲೆ, ಎಚ್‌ಐವಿ ಸೋಂಕು, ಮುಪ್ಪು ಆ ಗೋಡೆಯನ್ನು ಸಡಿಲಿಸುತ್ತವೆ. ಕ್ಷಯವಿದ್ದ ಮನೆಯಿಂದ ಹೆಣ್ಣು ತರಬಾರದೆಂದು ಇಂದಿಗೂ ಪಿಸುಗುಟ್ಟುವ ಹಿರಿಯರಿದ್ದಾರೆ. ಆರು ತಿಂಗಳು ತಪ್ಪದೆ ಔಷಧಿ ತೆಗೆದುಕೊಂಡು ಗುಣವಾದವರ ವಿಷಯದಲ್ಲಿ ಆ ಪಿಸುಮಾತಿಗೆ ಆಧಾರವಿಲ್ಲ.

ನಮ್ಮ ಗೆಳೆಯನ ಎಪ್ಪತ್ತು ದಿನಗಳು

ಈಗ ಮೊದಲಿಗೆ ಹೇಳಿದ ಕಾರಣಕ್ಕೆ ಬರುತ್ತೇವೆ. 1974ರಲ್ಲಿ ನಾವು ಬಯಲುಸೀಮೆಯ ಒಂದು ಮಠದ ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದೆವು. ನಮ್ಮ ಪಕ್ಕದ ಹಾಸಿಗೆಯವನು ನಮಗಿಂತ ಒಂದು ವರ್ಷ ಕಿರಿಯ. ಒಂದು ಸಾಯಂಕಾಲ ಗದ್ದೆಯ ಬದುವಿನಲ್ಲಿ ಅನಾಥ ನಾಯಿಮರಿಯೊಂದನ್ನು ಎತ್ತಿ ಆಡಿಸುವಾಗ ಅದು ಅವನ ಮೀನಖಂಡಕ್ಕೆ ಹಲ್ಲು ತಾಗಿಸಿತು. ಗೀರಿದಷ್ಟೇ ಗಾಯ, ರಕ್ತ ಎರಡು ಹನಿ. ಮರಿ ಎರಡು ದಿನಗಳಲ್ಲಿ ಸತ್ತುಬಿದ್ದುದನ್ನೂ ನಾವಿಬ್ಬರೂ ನೋಡಿದೆವು. ಅವನು ಅಡುಗೆಮನೆಯಿಂದ ಚಿಟಿಕೆ ಖಾರಪುಡಿ ತಂದು ಗಾಯಕ್ಕೆ ಒತ್ತಿಕೊಂಡ. ಹಾಗೆ ಮಾಡಬೇಕೆಂದು ಎಲ್ಲರೂ ಹೇಳುತ್ತಿದ್ದರು. “ಯಾರ ಮುಂದೂ ಹೇಳಬ್ಯಾಡಪಾ, ಹೊಕ್ಕಳ ಸುತ್ತ ಹದಿನಾಕು ಸೂಜಿ ಚುಚ್ತಾರಂತ” ಎಂದು ನಮ್ಮ ಕೈ ಹಿಡಿದು ಮಾತು ಪಡೆದ. ನಾವು ಮಾತು ಕೊಟ್ಟೆವು. ಕೊಟ್ಟ ಮಾತನ್ನು ಉಳಿಸಿಕೊಂಡೆವು.

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಆ ಕಾಲದ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. ದಿನಕ್ಕೊಂದರಂತೆ ಹದಿನಾಲ್ಕು ದಿನಗಳವರೆಗೂ ಹೊಟ್ಟೆಯ ಚರ್ಮಕ್ಕೆ ಚುಚ್ಚಬೇಕಾಗುತ್ತಿತ್ತು. ಬಾವು, ನೋವು ಬಹಳ. ಕೆಲವೊಮ್ಮೆ ಆ ಲಸಿಕೆಯಿಂದಲೇ ನರಗಳಿಗೆ ಪೆಟ್ಟು ಬೀಳುತ್ತಿತ್ತು.

ಆ ಬಳಿಕ ಎಪ್ಪತ್ತು ದಿನಗಳು ಕಳೆದವು. ಅಷ್ಟು ದಿನವೂ ಅವನು ಎಲ್ಲರಂತೆ ಇದ್ದ. ಪರೀಕ್ಷೆ ಬರೆದ, ಬಾವಿಯಲ್ಲಿ ಈಜಿದ, ಪಂಕ್ತಿಯಲ್ಲಿ ಬಡಿಸಿದ. ಗಾಯ ಮಾಯ್ದು ಕಲೆಯೂ ಉಳಿದಿರಲಿಲ್ಲ. ಅವನ ಕಾಲಿನ ನರದೊಳಗೆ ಏನು ಸಾಗುತ್ತಿತ್ತೆಂಬುದು ನಮಗೆ ತಿಳಿದುದು ಬಹು ವರ್ಷಗಳ ಮೇಲೆ. ಜೊಲ್ಲಿನೊಡನೆ ಗಾಯಕ್ಕೆ ಇಳಿದ ರೇಬೀಸ್ ವೈರಸ್ಸು ಮೊದಲು ಅಲ್ಲಿಯ ಮಾಂಸಖಂಡದಲ್ಲೇ ಕೆಲಕಾಲ ಇರುತ್ತದೆ. ಆಮೇಲೆ ನರದ ತುದಿಯನ್ನು ಹೊಕ್ಕು, ರಕ್ತದ ದಾರಿಯನ್ನು ಹಿಡಿಯದೆ, ನರದ ಒಳಗಿನಿಂದಲೇ ಮೆಲ್ಲಗೆ ಬೆನ್ನುಹುರಿಯತ್ತ, ಅಲ್ಲಿಂದ ಮಿದುಳಿನತ್ತ ಏರುತ್ತದೆ. ನರದೊಳಗೆ ಅಡಗಿ ಸಾಗುವುದರಿಂದ ಶರೀರದ ಕಾವಲುಗಾರರಿಗೆ ಅದರ ಸುಳಿವು ಹತ್ತುವುದು ಕಷ್ಟ. ಸಾಮಾನ್ಯವಾಗಿ ಈ ಪಯಣಕ್ಕೆ ಒಂದರಿಂದ ಮೂರು ತಿಂಗಳು; ಮುಖಕ್ಕೆ, ಕುತ್ತಿಗೆಗೆ, ಕೈಗೆ ಕಚ್ಚಿದ್ದರೆ ದಾರಿ ಹತ್ತಿರವಾದ್ದರಿಂದ ಇನ್ನೂ ಬೇಗ. ಮಿದುಳನ್ನು ಸೇರಿ ಲಕ್ಷಣ ತೋರಿತೆಂದರೆ ಜಗತ್ತಿನ ಯಾವ ಆಸ್ಪತ್ರೆಯಲ್ಲಿಯೂ ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ.

ಎಪ್ಪತ್ತೊಂದನೆಯ ದಿನ ಅವನು ಕಾಲು ಜುಮುಗುಟ್ಟುತ್ತದೆ ಎಂದ. ಮರುದಿನ ತಂಬಿಗೆಯನ್ನು ಬಾಯಿಗೆ ಎತ್ತಿದವನು ಬೆಚ್ಚಿ ಕೆಳಗೆ ಬಿಟ್ಟ. ಗಂಟಲ ಸ್ನಾಯುಗಳು ಸೆಳೆದುಕೊಳ್ಳುವುದರಿಂದ ನೀರು ಕಂಡರೇ ಭಯವಾಗುತ್ತದೆ. ನಡುನಡುವೆ ಪೂರ್ಣ ಎಚ್ಚರವಿದ್ದು ನಮ್ಮೊಡನೆ ಸರಿಯಾಗಿಯೇ ಮಾತಾಡುತ್ತಿದ್ದ. ನಾವು ಆಗ ಹೋಗಿ ಗುರುಗಳ ಮುಂದೆ ನಾಯಿಮರಿಯ ವಿಷಯವನ್ನು ಹೇಳಿದೆವು. ಅವರು ಒಂದು ಮಾತೂ ಗದರಲಿಲ್ಲ, ಗಾಡಿ ಕಟ್ಟಿಸಿದರು. ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ಅವನ ತಾಯಿ ಇಂದಿಲ್ಲ. ಆಕೆಗೆ ನಾವು ಈ ಮಾತನ್ನು ಹೇಳಲಿಲ್ಲ.

ಈ ರೋಗದ ನಡುವಣ ದಿನಗಳಿಗೆ ಇನ್ನೊಂದು ಮುಖವಿದೆ. ಬೇರೆ ಲಸಿಕೆಗಳನ್ನು ಬಹುತೇಕ ಸೋಂಕು ತಗಲುವ ಮೊದಲೇ ಹಾಕಿಸಿಕೊಳ್ಳಬೇಕು. ವೈರಸ್ಸು ನಿಧಾನವಾಗಿ ನಡೆಯುವುದಾದರೆ ಕಚ್ಚಿದ ಮೇಲೆ ಲಸಿಕೆ ಕೊಟ್ಟರೂ ಶರೀರವು ಅದಕ್ಕಿಂತ ಮುಂಚೆ ಸಿದ್ಧವಾಗಬಹುದಲ್ಲವೇ ಎಂಬ ಆಲೋಚನೆ ಫ್ರಾನ್ಸಿನ ಲೂಯಿ ಪಾಶ್ಚರ್‌ಗೆ ಹೊಳೆಯಿತು. 1885ರ ಜುಲೈ 6ರಂದು ಆಲ್ಸೇಸ್ ಪ್ರಾಂತದ ತಾಯಿಯೊಬ್ಬಳು ತನ್ನ ಒಂಬತ್ತು ವರ್ಷದ ಮಗ ಜೋಸೆಫ್ ಮೈಸ್ಟರನನ್ನು ಕರೆತಂದಳು. ಎರಡು ದಿನಗಳ ಹಿಂದೆ ಹುಚ್ಚುನಾಯಿ ಅವನನ್ನು ಹಲವೆಡೆ ಕಚ್ಚಿತ್ತು. ಪಾಶ್ಚರ್ ರಸಾಯನಶಾಸ್ತ್ರಜ್ಞ, ವೈದ್ಯನಲ್ಲ. ಆದ್ದರಿಂದ ಗ್ರಾಂಶೇ ಎಂಬ ವೈದ್ಯರ ಕೈಯಿಂದ, ಮೊಲದ ಬೆನ್ನುಹುರಿಯನ್ನು ಒಣಗಿಸಿ ತಯಾರಿಸಿದ ಲಸಿಕೆಯನ್ನು ಹದಿಮೂರು ಸಲ ಚುಚ್ಚಿಸಿದ. ಹುಡುಗ ಬದುಕಿದ, ಬೆಳೆದು ಪಾಶ್ಚರ್ ಸಂಸ್ಥೆಯಲ್ಲಿಯೇ ದ್ವಾರಪಾಲಕನಾಗಿ ದುಡಿದ. ನಮ್ಮ ದೇಶದಲ್ಲಿ 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ಕೂನೂರಿನಲ್ಲಿ ಇದರ ಚಿಕಿತ್ಸೆಗಾಗಿಯೇ ಸಂಸ್ಥೆಗಳು ಹುಟ್ಟಿದವು.

ಜಗತ್ತಿನಲ್ಲಿ ಇಂದಿಗೂ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಹುಪಾಲು ಏಷ್ಯಾ, ಆಫ್ರಿಕಾಗಳಲ್ಲಿ. ಬಲಿಯಾಗುವವರಲ್ಲಿ ಮಕ್ಕಳು ಬಹಳ. ಮಾಡಬೇಕಾದುದು ಕಷ್ಟದ್ದಲ್ಲ. ನಾಯಿ, ಬೆಕ್ಕು, ಕೋತಿ ಯಾವುದೇ ಕಚ್ಚಲಿ, ಗೀರಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಈ ವೈರಸ್ಸಿನ ಹೊರಕವಚ ಕೊಬ್ಬಿನದಾದ್ದರಿಂದ ಸಾಬೂನು ಅದನ್ನು ಕರಗಿಸಿಬಿಡುತ್ತದೆ. ಖಾರಪುಡಿ, ಸುಣ್ಣ, ಅರಿಸಿನ, ಎಣ್ಣೆ ಯಾವುದನ್ನೂ ಹಚ್ಚಬಾರದು. ಅವು ಉರಿಯನ್ನು ಹೆಚ್ಚಿಸಿ ವೈರಸ್ಸನ್ನು ಇನ್ನೂ ಒಳಕ್ಕೆ ನೂಕಬಹುದು. ಮಂತ್ರ, ತಾಯತಗಳಿಗಾಗಿ ಒಂದು ದಿನವನ್ನೂ ಕಳೆಯಬಾರದು. ಅಂದೇ ಆಸ್ಪತ್ರೆಗೆ ಹೋಗಬೇಕು. ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತಲೇ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದನ್ನೂ ಕೊಡಬೇಕಾಗುತ್ತದೆ. ಲಸಿಕೆ ಕೆಲಸಕ್ಕೆ ತೊಡಗುವವರೆಗೆ ಅದೇ ಕಾವಲು. ಸಾಕಿದ ನಾಯಿಯಾದರೆ ಹತ್ತು ದಿನ ಅದರ ಮೇಲೆ ಕಣ್ಣಿಡಬೇಕು, ಆದರೆ ಹತ್ತು ದಿನ ಕಾದು ಆಮೇಲೆ ಲಸಿಕೆ ಎನ್ನಬಾರದು. ಮೊದಲು ಲಸಿಕೆಯನ್ನು ಆರಂಭಿಸಿಬಿಡಬೇಕು. ಎಷ್ಟೋ ದಿನಗಳ ಹಿಂದೆ ಕಚ್ಚಿದ್ದು ಇಂದು ತಿಳಿದರೂ ತಡವಾಯಿತೆಂದು ಸುಮ್ಮನಾಗದೆ ಇಂದೇ ಹೋಗಬೇಕು.

ಕುರಿಯ ಮಿದುಳಿನ ಆ ಹಳೆಯ ಲಸಿಕೆಯ ಬಳಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಂತುಹೋಯಿತು. ಈಗಿನದನ್ನು ತೋಳಿಗೆ ಹಾಕುತ್ತಾರೆ. ಮಾಂಸಖಂಡಕ್ಕೆ ಹಾಕುವುದಾದರೆ ಮೊದಲ ದಿನ, ಆಮೇಲೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೆಂಟನೆಯ ದಿನ ಎಂದು ಐದು ಬಾರಿ. ಚರ್ಮದ ಪದರಕ್ಕೆ ಹಾಕುವುದಾದರೆ ನಾಲ್ಕೇ ಬಾರಿ ಹೋದರೆ ಸಾಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಹಣವಿಲ್ಲ. ಹೊಟ್ಟೆಗೆ ಹದಿನಾಲ್ಕು ಸೂಜಿ ಎಂಬ ಭಯ ಮಾತ್ರ ಇನ್ನೂ ಊರೂರುಗಳಲ್ಲಿ ಉಳಿದಿದೆ. ಕಳೆದ ತಿಂಗಳು ನಮ್ಮ ಪಾಠಶಾಲೆಯ ಹುಡುಗನೊಬ್ಬ ಅದೇ ಮಾತನ್ನು ಆಡಿದ. ಯಾರು ಹೇಳಿದರೆಂದು ಕೇಳಿದೆವು. ಮನೆಯಲ್ಲಿ ಅಜ್ಜ ಹೇಳಿದರೆಂದ. ಅವನನ್ನು ಕರೆದುಕೊಂಡು ಆ ಮನೆಗೆ ಹೋಗಿ ಅಜ್ಜನವರೊಡನೆ ಕುಳಿತು ಮಾತಾಡಿ ಬಂದೆವು.